ಹಾಳು, ಪಾಳು, ಬೇಚರಾಕ್

ಕೊಪ್ಪಳ ಸೀಮೆಯ ಅಳವಂಡಿಯ ಕಡೆ ‘ಹಾಳು’ ಎಂಬ ಮಾತಿಗೆ ಬಿಡುವೇ ಇಲ್ಲ. ಮಳೆ ಕೈಕೊಟ್ಟರೆ ಬೆಳೆ ಹಾಳು, ಇಸ್ಪೀಟು ಹಿಡಿದವನ ಸಂಸಾರ ಹಾಳು, ಹೊತ್ತಿಗೆ ಬಾರದ್ದು ಹಾಳು ಬಸ್ಸು, ಹೇಳಿದ್ದು ಕೇಳದ ಮಗ ‘ಹಾಳಾದಾಂವ’. ಅದು ಬೈಗುಳವೋ ಮುದ್ದೋ ಎಂಬುದು ಅವ್ವನ ದನಿ ಕೇಳಿದವರಿಗೇ ಗೊತ್ತು. ಊರಾಚೆಯ ಗುಡಿ ತೋರಿಸಿ ‘ಹಾಳ ಬಿದ್ದೈತಿ’ ಎಂದಾಗ ಮಾತ್ರ ಪದ ತವರಿಗೆ ಹೋಗಿ ಬಂದಂತೆ.

ತವರೆಂದರೆ ಹಳಗನ್ನಡದ ‘ಪಾೞ್’: ಜನರಿಲ್ಲದ, ಉಳುಮೆಯಿಲ್ಲದ ಜಾಗ. ತೆಲುಗಿನ ‘ಪಾಡು’ ಇದರದೇ ಬಳಗ. ಕನ್ನಡದ ಪಕಾರ ಹಕಾರಕ್ಕೆ ತಿರುಗಿದಾಗ ಪಾಲ್ ಹಾಲಾಯಿತು, ಪಾವು ಹಾವಾಯಿತು. ಹಳೆಯ ರೂಪಗಳು ಆಡುಮಾತಿನಿಂದ ಜಾರಿದವು. ‘ಪಾಳು’ ಜಾರಲಿಲ್ಲ. ಪಾಳುಗುಡಿ, ಪಾಳುಬಾವಿ, ಪಾಳುಭೂಮಿ ಎಂದು ಕಲ್ಲುಮಣ್ಣಿಗೆ ಅಂಟಿಕೊಂಡೇ ಉಳಿಯಿತು. ಬಸ್ಸನ್ನು ಪಾಳು ಎನ್ನುವವರಿಲ್ಲ.

ಹಾಳು ಎನ್ನಿಸಿಕೊಳ್ಳಲು ಗೋಡೆ ಬೀಳಲೇಬೇಕೆಂದಿಲ್ಲ. ಕೊಪ್ಪಳದ ಕೋಟೆಯನ್ನು 1786ರಲ್ಲಿ ಪಾಳೆಯಗಾರನಿಂದ ಪಡೆದ ಟಿಪ್ಪು, ಫ್ರೆಂಚ್ ಎಂಜಿನಿಯರರ ನೆರವಿನಿಂದ ಅದನ್ನು ಬಲಪಡಿಸಿದ. 1790ರಲ್ಲಿ ಮುತ್ತಿದ ಬ್ರಿಟಿಷ್ ಮತ್ತು ನಿಜಾಮನ ಪಡೆಗಳು ತಿಂಗಳುಗಟ್ಟಲೆ ಕೆಳಗೇ ಕಾಯಬೇಕಾಯಿತು. ಭಾರತದಲ್ಲಿ ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಗಟ್ಟಿ ಎಂದು ಬ್ರಿಟಿಷ್ ಸೇನಾಧಿಕಾರಿ ಜಾನ್ ಮಾಲ್ಕಂ ಬರೆದಿಟ್ಟ. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಬ್ರಿಟಿಷರ ವಿರುದ್ಧ ಬಂಡೆದ್ದು, ಇದೇ ಕೋಟೆ ಹಿಡಿದು ಹೋರಾಡಿ ಮಡಿದರು. ಬಂಡೆಗೆ ಬಂಡೆ ಕಚ್ಚಿದ ಗೋಡೆಗಳು ಇವತ್ತಿಗೂ ಗಟ್ಟಿಯೇ. ಒಳಗೆ ಇರುವವರಿಲ್ಲ, ಅದಕ್ಕೇ ಹಾಳು ಕೋಟೆ.

ಅದೇ ಊರಿನ ಗವಿಮಠದ ಬೆಟ್ಟದಲ್ಲಿರುವ ಅಶೋಕನ ಶಾಸನದ ವಯಸ್ಸು ಎರಡು ಸಾವಿರದ ಇನ್ನೂರು ವರ್ಷ ದಾಟಿದೆ. ಗವಿಸಿದ್ಧೇಶ್ವರನ ತೇರಿಗೆ ಅಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ, ದಾಸೋಹದ ಒಲೆ ಉರಿಯುತ್ತದೆ. ಅದನ್ನು ಹಾಳು ಎಂದು ನೋಡಲಿ ಯಾರಾದರೂ! ಈ ಪದ ವಯಸ್ಸು ಕೇಳುವುದಿಲ್ಲ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತದೆ.

ಕಂದಾಯ ಕಡತಗಳೂ ಕೇಳುವುದು ಅದನ್ನೇ. ಹೊಲಗಳಿಗೆ ಸರ್ವೆ ನಂಬರಿದ್ದು ಊರಲ್ಲಿ ವಾಸವಿಲ್ಲದಿದ್ದರೆ ಅದು ‘ಬೇಚರಾಕ್’ ಗ್ರಾಮ. ಪಾರಸಿಯ ಬೇ-ಚಿರಾಗ್, ಅಂದರೆ ದೀಪವಿಲ್ಲದ್ದು. ಗುಮಾಸ್ತರ ಭಾಷೆಯಲ್ಲಿ ಇಷ್ಟು ಚಂದದ ಪದ ಅಪರೂಪ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಗೆ ಬೇಚರಾಕ್ ಊರಲ್ಲಿ ಆ ಒಬ್ಬ ಗೌಡನೂ ಸಿಗುವುದಿಲ್ಲ.

ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ, ದುಂಡು ಕಿಂಡಿ ಕೊರೆದ ಕಲ್ಲುಗೂಡುಗಳು ಅಲ್ಲಿ ನೂರಾರು. ಸುತ್ತಲ ಜನರಿಗೆ ಅವು ‘ಮೋರೇರ ಮನೆ’, ಕುಳ್ಳ ಮೋರೇರು ಬಾಳಿದ ಮನೆಗಳು. ಪುರಾತತ್ವಜ್ಞರ ಪ್ರಕಾರ ಸತ್ತವರಿಗಾಗಿ ಕಟ್ಟಿದವು. ಯಾರೂ ಒಲೆ ಹೂಡದ ಮನೆ ಹಾಳು ಬೀಳುವುದಾದರೂ ಹೇಗೆ?

‘ಹಾಳು ಹಂಪಿ’ ಎಂಬ ಜೋಡಿಯೂ ಪೂರ್ತಿ ನಿಜವಲ್ಲ. ವಿರೂಪಾಕ್ಷನಿಗೆ ದಿನವೂ ಆರತಿಯಾಗುತ್ತದೆ. ಹೊಳೆಯ ಈಚೆಯ ಆನೆಗೊಂದಿಯಲ್ಲೂ ಕುಸಿದ ಗೋಡೆಗಳಿಗೆ ಕೊರತೆಯಿಲ್ಲ. ಆದರೆ ಓಣಿಗಳಲ್ಲಿ ಜನರಿದ್ದಾರೆ, ‘ಹಾಳು ಆನೆಗೊಂದಿ’ ಎಂಬ ಮಾತು ಹುಟ್ಟಲಿಲ್ಲ. 2011ರ ಜುಲೈನಲ್ಲಿ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಸಂಸಾರ, ಅಂಗಡಿ ಹೂಡಿದ್ದವರನ್ನು ಆಡಳಿತ ಒಕ್ಕಲೆಬ್ಬಿಸಿತು. ಸ್ಮಾರಕ ಹಾಳಾಗಬಾರದು ಎಂಬುದು ಕಾರಣ. ಅಧಿಕಾರಿಗಳಿಗೆ ಹಾಳೆಂದರೆ ಕಂಬಗಳ ನಡುವೆ ಎದ್ದ ಇಟ್ಟಿಗೆ, ಸಿಮೆಂಟು. ಅಲ್ಲಿದ್ದವರಿಗೆ ಹಾಳೆಂದರೆ ಜನ ಎದ್ದುಹೋದ ಮಂಟಪ. ಹಳೆಯ ‘ಪಾೞ್’ ನಿಂತದ್ದು ಎರಡನೆಯವರ ಕಡೆ. ತೆರವಿನ ಆದೇಶ ಮಾತ್ರ ನಿಘಂಟು ನೋಡಿ ಬರೆದದ್ದಲ್ಲ.