ಹೈಸ್ಕೂಲು ವಿದ್ಯಾರ್ಥಿಯ ಮಿತಬಳಕೆ: ಅಂದು ಮತ್ತು ಇಂದು

‘ಪರಿಸರ’ವೆಂಬ ಮಾತು ಇಂದಿನ ಅರ್ಥದಲ್ಲಿ ನಮ್ಮ ಪಠ್ಯಪುಸ್ತಕಗಳಿಗೆ ಬಂದುದು ಈಚೆಗೆ. ಆದರೆ ಆ ಮಾತಿನ ಹಿಂದಿರುವ ನಡವಳಿಕೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಗೆ ಹೊಸತೇನೂ ಅಲ್ಲ. ಹೈಸ್ಕೂಲಿಗೆ ಹೋಗುವ ಮಕ್ಕಳು ಮನೆಯಲ್ಲಿರುವ ವಾಚಕರು ಒಮ್ಮೆ ಮನೆಯ ಹಿರಿಯರನ್ನು ಕೇಳಿ ನೋಡಬಹುದು: ಅವರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ವರ್ಷವೊಂದಕ್ಕೆ ಎಷ್ಟು ವಸ್ತುಗಳನ್ನು ಹೊರಗೆ ಎಸೆಯುತ್ತಿದ್ದರು? ಹೆಚ್ಚಿನವರು ಈ ಪ್ರಶ್ನೆಗೆ ನಕ್ಕುಬಿಡುತ್ತಾರೆ. ಎಸೆಯುವುದಕ್ಕೆ ಏನಾದರೂ ಇದ್ದರೆ ತಾನೆ?

ಆ ಕಾಲದ ವಿದ್ಯಾರ್ಥಿಯ ಸಾಮಗ್ರಿಯನ್ನು ನೆನೆಯೋಣ. ಮಳೆಗೆ ಓಲೆಯ ಕೊಡೆ ಅಥವಾ ಗೊರಬು. ಕೆಳಗಿನ ತರಗತಿಯಲ್ಲಿ ಸ್ಲೇಟು, ಬಳಪ. ಮೇಲಿನ ತರಗತಿಗೆ ಬಂದಾಗ ಶಾಯಿಯ ಕುಡಿಕೆ, ಮುಳ್ಳು ಸಿಕ್ಕಿಸುವ ಲೇಖನಿ. ದೂರದಿಂದ ಬರುವವರ ಬುತ್ತಿ ಬಾಳೆಯೆಲೆಯ ಕಟ್ಟಿನಲ್ಲಿ. ಪುಸ್ತಕ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ನೆರೆಮನೆಗೆ ದಾಟಿ, ಕೊನೆಗೆ ಅಂಗಡಿಯ ಸಾಮಾನಿನ ಪೊಟ್ಟಣವಾಗುತ್ತಿತ್ತು. ಮನೆಯ ಮಾಡು ಮುಳಿಹುಲ್ಲಿನದು. ಅದು ಕೊಳೆತರೆ ಗದ್ದೆಗೆ ಗೊಬ್ಬರ. ಶಾಲೆಗೆ ಹೋಗುವ ದಾರಿ ಗದ್ದೆಯ ಅಂಚಿನದು, ನಡುವೆ ಒಂದೆರಡು ಸಂಕ, ಹೊಳೆ ಬಂದಲ್ಲಿ ದೋಣಿ. ಗಂಗೊಳ್ಳಿಯಿಂದ ಕುಂದಾಪುರ ನೀರಿನ ಮೇಲೆ ಕಣ್ಣಳತೆಯ ದೂರ. ನೆಲದ ಮೇಲಾದರೆ ತ್ರಾಸಿ, ಹೆಮ್ಮಾಡಿಗಳನ್ನು ಸುತ್ತಿ ಬರಬೇಕು. ಹೀಗಾಗಿ ದೋಣಿಯೇ ಆ ದಡದವರಿಗೆ ಹತ್ತಿರದ ದಾರಿಯಾಗಿತ್ತು.

ಇದನ್ನೆಲ್ಲ ಸದ್ಗುಣವೆಂದು ಹಾಡಿ ಹೊಗಳುವುದು ಸುಲಭ. ನನಗೆ ಅದು ಸರಿಯೆನಿಸದು. ಅದು ಬಹುಪಾಲು ಬಡತನ. ಆ ಬುತ್ತಿಯಲ್ಲಿ ಅನ್ನ ಕಡಮೆಯಿತ್ತು, ಸಂಕ ದಾಟುವಾಗ ಜೀವಭಯವಿತ್ತು, ಹೈಸ್ಕೂಲಿನ ಬೆಂಚಿನ ಮೇಲೆ ಹೆಣ್ಣುಮಕ್ಕಳು ವಿರಳವಾಗಿದ್ದರು. ಗದ್ದೆಯಲ್ಲಿ ದುಡಿಯುವವರ ಮಕ್ಕಳಂತೂ ಬಹಳ ಕಾಲ ಅಲ್ಲಿಗೆ ಬರಲೇ ಇಲ್ಲ. ನಮ್ಮ ಹಿರಿಯರು ವಸ್ತುವನ್ನು ಉಳಿಸಿದುದು ವಸ್ತು ಇಲ್ಲದ್ದರಿಂದ. ಇಂದಿನ ವಿದ್ಯಾರ್ಥಿ ಉಳಿಸಬೇಕಾದುದು ಎಲ್ಲವೂ ಇರುವಾಗ. ಇದು ಹೆಚ್ಚು ಕಷ್ಟದ ಪಾಠ ಎಂಬುದನ್ನು ತಂದೆತಾಯಂದಿರು ಮೊದಲು ಒಪ್ಪಬೇಕು.

ಹಾಗೆಂದು ಹಿಂದೆ ಎಲ್ಲವೂ ಹಸನಾಗಿತ್ತೆಂದೂ ತಿಳಿಯಬಾರದು. ನಮ್ಮ ಜಿಲ್ಲೆಯ ಕಾನೂನಿನಲ್ಲಿ ‘ಕುಮ್ಕಿ’ ಎಂಬ ಒಂದು ಸವಲತ್ತು ಇತ್ತು. ಸಾಗುವಳಿಯ ಭೂಮಿಯ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಿಂದ ಒಕ್ಕಲು ಸೊಪ್ಪು, ತರಗೆಲೆ, ಸೌದೆಗಳನ್ನು ತರಬಹುದಾಗಿತ್ತು. ಶಾಲೆಗೆ ಹೋಗುವ ಮೊದಲು ಹಾಡಿಯಿಂದ ಒಂದು ಹೊರೆ ತರಗೆಲೆ ತಂದು ಹಟ್ಟಿಗೆ ಹಾಕುವುದು ಮಕ್ಕಳ ಕೆಲಸ. ಇದರಿಂದ ಹಾಡಿ ಉಳಿಯಿತು, ಏಕೆಂದರೆ ಅದು ಬೇಕಾಗಿತ್ತು. ಆದರೆ ಅದೇ ಕಾಲದಲ್ಲಿ 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಹಂಚಿನ ಗೂಡುಗಳು ಎದ್ದವು. ಆ ಗೂಡುಗಳ ಬಾಯಿಗೆ ಕಾಡಿನ ಸೌದೆ ಬಿತ್ತು. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯ ತಪ್ಪಿತೆಂಬುದು ನಿಜ. ಬೆಲೆಯನ್ನು ಘಟ್ಟ ತೆತ್ತಿತು. ಯಾವ ಸುಖವೂ ಪುಕ್ಕಟೆಯಲ್ಲವೆಂಬುದಕ್ಕೆ ನಮ್ಮ ತಲೆಯ ಮೇಲಿನ ಕೆಂಪು ಹಂಚೇ ಸಾಕ್ಷಿ.

ಈ ಸೀಮೆಯ ವಿದ್ಯಾರ್ಥಿಗಳಲ್ಲಿ ಒಬ್ಬರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕುಂದಾಪುರದ ಹೈಸ್ಕೂಲಿನಲ್ಲಿ ಓದಿದವರು. ಕಾಲೇಜನ್ನು ಅಸಹಕಾರ ಚಳವಳಿಯ ದಿನಗಳಲ್ಲಿ ಬಿಟ್ಟರು. ಮುಂದೆ ಮಕ್ಕಳಿಗಾಗಿ 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು, ಅನಂತರ ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳಿಗಾಗಿ ಮಾಡಿದ ಪ್ರಯೋಗಗಳ ತಿರುಳು ಒಂದೇ: ಮಗು ಮೊದಲು ಕಣ್ಣು ತೆರೆದು ನೋಡಲಿ, ಬಾಯಿಪಾಠ ಆಮೇಲೆ. ಅದೇ ಕಾರಂತರು ಎಂಬತ್ತು ದಾಟಿದ ವಯಸ್ಸಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅವರ ವಾದವನ್ನು ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಹುಡುಗನಾಗಿದ್ದಾಗ ಹೊಳೆ, ಹಕ್ಕಿ, ಮರಗಳನ್ನು ಹೆಸರು ಹಿಡಿದು ಕರೆಯಬಲ್ಲವನು ಮಾತ್ರವೇ ಮುಂದೆ ಅವುಗಳ ಪರವಾಗಿ ಮಾತನಾಡಬಲ್ಲ ಎಂಬುದರಲ್ಲಿ ಸಂದೇಹವಿಲ್ಲ.

ಸರಕಾರದ ಪ್ರಯತ್ನಗಳ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1950ರಲ್ಲಿ ಕೇಂದ್ರ ಸಚಿವ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತರುವಾಯ ಜೂನ್ 5 ಪರಿಸರ ದಿನವಾಯಿತು. 1991ರಲ್ಲಿ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. 2001ರಿಂದ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಬಂದವು. ಜೂನ್ 5 ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ದಿನ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಆಗಲೇ. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವವರಿಗೆ ಕೊರತೆಯಿಲ್ಲ. ಡಿಸೆಂಬರಿನಲ್ಲಿ ಬೇಲಿ ಮುರಿದು ದನ ನುಗ್ಗಿದಾಗ ಮಾತ್ರ ಆ ಗಿಡದ ಕಡೆಯವರು ಯಾರೂ ಕಾಣರು! ಒಂದು ತರಗತಿ ಮೂವತ್ತು ಗಿಡ ನೆಡುವ ಬದಲು ಮೂರನ್ನು ನೆಟ್ಟು, ಎಂಟನೆಯ ತರಗತಿಯಿಂದ ಹತ್ತನೆಯದರವರೆಗೆ ಅವನ್ನೇ ಸಾಕಿದರೆ ಮೇಲು.

ಈಗ ಇಂದಿನ ಮಾತಿಗೆ ಬರೋಣ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕುಂದಾಪುರ, ಗಂಗೊಳ್ಳಿಗಳ ನಡುವೆ ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಬ್ರಹ್ಮಾವರದ ಕಡೆಯ ನೀರು ಸೀತಾ, ಸ್ವರ್ಣಾ ನದಿಗಳಲ್ಲಿ ಇಳಿಯುತ್ತದೆ. ಬೈಂದೂರಿನ ಹೊಳೆಗೆ ಸೋಮೇಶ್ವರದ ಬಳಿ ಕಡಲು. ನಮ್ಮ ನಾಡು ಎಷ್ಟು ಇಳಿಜಾರಾದುದೆಂದರೆ, ಘಟ್ಟದ ಬುಡದ ಶಾಲೆಯಂಗಳದಲ್ಲಿ ಬಿದ್ದ ಮಿಠಾಯಿ ಕಾಗದವು ಜೂನಿನ ಒಂದು ದೊಡ್ಡ ಮಳೆಗೆ ತೋಡು ಸೇರಿ, ತೋಡಿನಿಂದ ಹೊಳೆ, ಹೊಳೆಯಿಂದ ಅಳಿವೆಯನ್ನು ಮುಟ್ಟುವುದು ಕಷ್ಟವಲ್ಲ. ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರುಗಳಿವೆ. ಸೀಗಡಿ, ಏಡಿ, ಮೀನುಗಳ ಮರಿಗಳು ಬೆಳೆಯುವ ತೊಟ್ಟಿಲು ಅದು. ಬಾಳೆಯೆಲೆಯಾಗಿದ್ದರೆ ಅಲ್ಲಿ ಕೊಳೆತು ಮರಿಗಳಿಗೆ ಆಹಾರವಾಗುತ್ತಿತ್ತು. ಪ್ಲಾಸ್ಟಿಕ್ಕು ಬೇರಿಗೆ ಸುತ್ತಿಕೊಂಡು ನಿಲ್ಲುತ್ತದೆ. ಕರ್ನಾಟಕದಲ್ಲಿ 2016ರಲ್ಲಿಯೂ ದೇಶದಲ್ಲಿ 2022ರ ಜುಲೈ 1ರಿಂದಲೂ ನಿಷೇಧಗಳು ಬಂದಿವೆ. ಆದರೂ ಮಳೆಗಾಲದ ನಂತರ ಯಾವುದೇ ಕುದ್ರುವಿನ ಅಂಚನ್ನು ನೋಡಿದವರಿಗೆ ನಿಷೇಧದ ಬಲ ಎಷ್ಟೆಂದು ತಿಳಿಯುತ್ತದೆ.

ಇದು ಬರಿಯ ಕೊಳಕಿನ ಪ್ರಶ್ನೆಯಲ್ಲ. ಕೋಡಿಯ ದಂಡೆಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ. ಏಳೆಂಟು ವಾರಗಳಲ್ಲಿ ಮರಿ. ಹಿಂದೆ ಆ ಮೊಟ್ಟೆಗಳನ್ನು ಅಗೆದು ತಿನ್ನುತ್ತಿದ್ದರು, ಮಾರುತ್ತಿದ್ದರು. 1972ರ ವನ್ಯಜೀವಿ ಕಾಯಿದೆ ಬಂದು, ಅರಣ್ಯ ಇಲಾಖೆಯೂ ಸ್ವಯಂಸೇವಕರೂ ಮೀನುಗಾರರ ವಿಶ್ವಾಸವನ್ನು ಗಳಿಸಿದ ಮೇಲೆ, ಈಗ ಗೂಡು ಕಂಡ ಮೀನುಗಾರರೇ ಸುದ್ದಿ ಕೊಡುತ್ತಾರೆ. ಗೂಡಿಗೆ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ. ಮರಿಗಳು ನೀರಿನ ಮೇಲಿನ ಮಂದ ಬೆಳಕನ್ನೇ ಗುರುತಾಗಿಟ್ಟುಕೊಂಡು ಕಡಲಿಗೆ ಓಡುತ್ತವೆ. ದಡದ ಮನೆಯ ದೀಪ ಹೆಚ್ಚು ಪ್ರಖರವಾಗಿದ್ದರೆ ಮರಿ ಊರಿನ ಕಡೆಗೆ ತಿರುಗಿ ಸಾಯುತ್ತದೆ. ನೀರಲ್ಲಿ ತೇಲುವ ತೆಳು ಚೀಲ ದೊಡ್ಡ ಆಮೆಯ ಕಣ್ಣಿಗೆ ಅಂಬಲಿ ಮೀನಿನಂತೆ ಕಾಣುತ್ತದೆ, ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಕೋಡಿಯಲ್ಲಿ ಭಾನುವಾರ ಬೆಳಿಗ್ಗೆ ಊರವರೊಂದಿಗೆ ಕಸ ಹೆಕ್ಕುವ ವಿದ್ಯಾರ್ಥಿಗಳನ್ನು ಈಚಿನ ವರ್ಷಗಳಲ್ಲಿ ಕಾಣಬಹುದು. ನಿಮ್ಮ ಮಗನೋ ಮಗಳೋ ಅಲ್ಲಿಗೆ ಹೋಗುತ್ತೇನೆಂದರೆ, ಟ್ಯೂಶನ್ನಿನ ನೆಪ ಹೇಳಿ ತಡೆಯಬೇಡಿ. ಹಾಗೆಯೇ, ರೇಡಿಯೋದಿಂದ ತೆಗೆದ ಹಳೆಯ ಸೆಲ್ಲುಗಳನ್ನು ತೆಂಗಿನ ಬುಡಕ್ಕೆ ಎಸೆಯುವ ಅಭ್ಯಾಸ ನಿಮ್ಮಲ್ಲಿದ್ದರೆ ಅದನ್ನೂ ಬಿಡಬೇಕು. ಈ ಪತ್ರಿಕೆಯ ವಾಚಕರಿಗೆ ಈ ಮಾತನ್ನು ಹೇಳುವ ಸಲಿಗೆ ಇದೆಯೆಂದು ಭಾವಿಸುತ್ತೇನೆ.

ಶಾಲೆಗೆ ಹೋಗುವ ಬಗೆಯನ್ನು ನೋಡಿ. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲನ್ನು ಮುಗಿಸಿದುದರಲ್ಲಿ ಆ ಸೈಕಲ್ಲಿನ ಪಾಲೂ ಇದೆ. ಕೋವಿಡ್ ಬಂದ 2020-21ರಲ್ಲಿ ಅದು ನಿಂತಿತು. ಈಗ ಎಷ್ಟೋ ಮನೆಗಳಲ್ಲಿ ತಂದೆಯೋ ತಾಯಿಯೋ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾರೆ. ಶಾಲೆ ಐದು ಕಿಲೋಮೀಟರು ದೂರವಿದ್ದರೆ ಬೆಳಿಗ್ಗೆ ಹೋಗಿ ಬರುವುದು ಹತ್ತು, ಸಂಜೆ ಹತ್ತು; ದಿನಕ್ಕೆ ಇಪ್ಪತ್ತು. 220 ಶಾಲಾದಿನಗಳಿಗೆ 4,400 ಕಿಲೋಮೀಟರು. ಲೀಟರಿಗೆ 45 ಕಿಲೋಮೀಟರಿನಂತೆ ಸುಮಾರು 98 ಲೀಟರು ಪೆಟ್ರೋಲು, ಲೀಟರಿಗೆ 2.3 ಕಿಲೋಗ್ರಾಮಿನಂತೆ ಸುಮಾರು 225 ಕಿಲೋಗ್ರಾಮು ಇಂಗಾಲದ ಡೈಆಕ್ಸೈಡು. ಒಂದು ಮಗುವಿನ ಒಂದು ವರ್ಷದ ಲೆಕ್ಕ ಇದು. ಹೆದ್ದಾರಿ 66 ಚತುಷ್ಪಥವಾದ ಮೇಲೆ ಅದರ ಅಂಚಿನಲ್ಲಿ ಸೈಕಲ್ ತುಳಿಯಲು ಹೆತ್ತವರು ಹೆದರುವುದು ಸಹಜ, ಆ ಭಯ ಸುಳ್ಳೂ ಅಲ್ಲ. ಆದರೆ ಒಳದಾರಿಯಲ್ಲಿ ಶಾಲೆಯಿರುವ ಮಕ್ಕಳಿಗೆ ಆ ಕಾರಣವಿಲ್ಲ. ಬಸ್ಸು ಇರುವಲ್ಲಿ ಬಸ್ಸು ಇದೆ.

ಕೊನೆಗೆ ನೀರಿನ ಮಾತು. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ನೂರು ಚದರ ಮೀಟರಿನ ಮಾಡಿನ ಮೇಲೆ ಬೀಳುವ ನೀರು ನಾಲ್ಕು ಲಕ್ಷ ಲೀಟರು. ಅಷ್ಟಿದ್ದೂ ಏಪ್ರಿಲ್ ಹೊತ್ತಿಗೆ ಟ್ಯಾಂಕರು ಬರುತ್ತದೆ! ಹಿಂದೆ ಮಳೆ ಕಳೆದ ಮೇಲೆ ಊರವರು ಸೇರಿ ತೋಡುಗಳಿಗೆ ಮಣ್ಣು, ಸೊಪ್ಪು, ಕಲ್ಲುಗಳಿಂದ ‘ಕಟ್ಟ’ ಹಾಕುತ್ತಿದ್ದರು. ನೀರು ನಿಂತು ಇಂಗಿ ಬಾವಿಗೆ ಬರುತ್ತಿತ್ತು. ಕಡಲ ಬದಿಯಲ್ಲಿ ಉಪ್ಪುನೀರು ಮೇಲೇರದಂತೆ ತಡೆಯುತ್ತಿತ್ತು. ಮನೆಮನೆಗೆ ಪಂಪು ಬಂದ ಮೇಲೆ ಕಟ್ಟ ಹಾಕುವವರು ಕಡಮೆಯಾದರು. ಬಾವಿಯ ಸಿಹಿನೀರು ಕಡಲಿನ ಉಪ್ಪುನೀರಿನ ಮೇಲೆ ತೇಲುವ ಒಂದು ಪದರದಂತಿದೆ. ಕಡಲ ಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಎತ್ತರವಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿಯವರೆಗೂ ಸಿಹಿನೀರಿರುತ್ತದೆಂಬುದು ಭೂಜಲ ಶಾಸ್ತ್ರದ ಲೆಕ್ಕ. ಮೇಲೆ ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರುತ್ತದೆ ಎಂದು ಇದರ ಅರ್ಥ. ಮರವಂತೆಯಂತಹ ಕಡೆ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವಾಗ, ಈ ಲೆಕ್ಕ ಎಷ್ಟು ಸೂಕ್ಷ್ಮವೆಂದು ಊಹಿಸಿ.

ಹೈಸ್ಕೂಲಿನ ಹುಡುಗ ಹುಡುಗಿಯರು ನವೆಂಬರಿನಲ್ಲಿ ಎರಡು ದಿನ ಕೂಡಿದರೆ ಒಂದು ಸಣ್ಣ ಕಟ್ಟ ಏಳುತ್ತದೆ. ಮರಳು ತುಂಬಿದ ಚೀಲಗಳು, ಒಬ್ಬಿಬ್ಬರು ಅನುಭವಸ್ಥ ಹಿರಿಯರು, ಇಷ್ಟೇ ಸಾಕು. ಅದಕ್ಕಿಂತಲೂ ಸುಲಭದ ಒಂದು ಕೆಲಸವಿದೆ. ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪಂಪು ಹಾಕುವ ಮೊದಲು, ದೊಡ್ಡವರೊಬ್ಬರು ಜೊತೆಗಿದ್ದಾಗ ಬಾವಿಗೆ ಬಿಡಲಿ. ಕಟ್ಟೆಯಿಂದ ನೀರಿನವರೆಗೆ ಎಷ್ಟು ಗಂಟು ಎಂದು ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಲಿ. ಒಂದು ತರಗತಿಯ ನಲವತ್ತು ಮಕ್ಕಳು ನಲವತ್ತು ಬಾವಿಗಳನ್ನು ಮೂರು ವರ್ಷ ಅಳೆದರೆ, ಗ್ರಾಮಪಂಚಾಯತಿಯ ಮುಂದೆ ಇಡಬಹುದಾದ ನಕ್ಷೆಯೊಂದು ಸಿದ್ಧವಾಗುತ್ತದೆ. ಮೇ ತಿಂಗಳಲ್ಲಿ ಮಾತ್ರ ಅಳತೆಯ ಜೊತೆಗೆ ಒಂದು ತೊಟ್ಟು ನೀರನ್ನು ನಾಲಗೆಯ ಮೇಲೆ ಹಾಕಿ ನೋಡಿ, ಸಿಹಿಯೋ ಸಪ್ಪೆಯೋ ಉಪ್ಪೋ ಎಂಬುದನ್ನೂ ಬದಿಯಲ್ಲಿ ಗುರುತಿಸಬೇಕು.