ಕಾರು ಕೊಂಡ ಮಗ, ಬಾಗಿಲು ತೋರಿಸಿದ ಹೆಣ್ಣು

ರಾಕ್ ಅಂಡ್ ರೋಲ್ ಎಂದೊಡನೆ ಗಿಟಾರು ಹಿಡಿದು ಕುಣಿಯುವ ಹುಡುಗರು ಕಣ್ಣಮುಂದೆ ನಿಲ್ಲುತ್ತಾರೆ. ನನಗೆ ಮಾತ್ರ ಆ ಹಾಡುಗಳಲ್ಲಿ ಮೊದಲು ಕೇಳಿಸುವುದು ದುಡಿದು ತಿನ್ನುವವರ ದನಿ.

ಚಕ್ ಬೆರ್ರಿಯನ್ನೇ ನೋಡಿ. ಅಮೆರಿಕದ ಸೇಂಟ್ ಲೂಯಿ ನಗರದ ಈ ಕಪ್ಪು ಗಾಯಕ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ, ಕೇಶಾಲಂಕಾರದ ಕಸುಬನ್ನೂ ಕಲಿತಿದ್ದ. 1955ರಲ್ಲಿ ಬಂದ ಅವನ 'ಮೇಬಲೀನ್' ಹಾಡಿನಲ್ಲಿ ಫೋರ್ಡ್ ಕಾರಿನ ಹುಡುಗ, ಕ್ಯಾಡಿಲಾಕ್‌ನಲ್ಲಿ ಹೋಗುತ್ತಿರುವ ಪ್ರೇಯಸಿಯ ಬೆನ್ನು ಹತ್ತುತ್ತಾನೆ. ಫೋರ್ಡ್ ಸಾಮಾನ್ಯರ ಗಾಡಿ, ಕ್ಯಾಡಿಲಾಕ್ ಸಿರಿವಂತರದು. ಅದೇ ವರ್ಷದ ಡಿಸೆಂಬರಿನಲ್ಲಿ ಮಾಂಟ್ಗೊಮರಿಯಲ್ಲಿ, ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಅವರನ್ನು ಪೊಲೀಸರು ಬಂಧಿಸಿದರು. ಬಸ್ಸಿನಲ್ಲಿ ಎಲ್ಲಿ ಕೂರಬೇಕೆಂಬುದಕ್ಕೂ ಕಟ್ಟಳೆಯಿದ್ದ ಕಾಲದಲ್ಲಿ, ಸ್ವಂತ ಕಾರೆಂದರೆ ಬರಿಯ ಶೋಕಿಯೇ?

ಆದರೆ ಹೆಣ್ಣಿಗೆ ಈ ಸ್ವಾತಂತ್ರ್ಯದಲ್ಲಿ ಪಾಲೆಷ್ಟು? ಉತ್ತರ ಎರಡು ವರ್ಷ ಮೊದಲೇ ಬಂದಿತ್ತು. 1953ರ 'ಹೌಂಡ್ ಡಾಗ್' ಹಾಡನ್ನು ಹಾಡಿದವಳು ಬಿಗ್ ಮಾಮಾ ಥಾರ್ನ್‌ಟನ್. ಅಲಬಾಮಾದಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ತಂಡದೊಡನೆ ಊರೂರು ಅಲೆದು ಹಾಡಿದ ಕಪ್ಪು ಹೆಣ್ಣುಮಗಳು. ಅವಳಿಗಾಗಿ ಹಾಡು ಬರೆದುಕೊಟ್ಟವರು ಲೀಬರ್ ಮತ್ತು ಸ್ಟೋಲರ್ ಎಂಬ 19ರ ಬಿಳಿಯ ಹುಡುಗರು. ಹಾಡಿನ ಹೆಣ್ಣು, ತನ್ನ ಮನೆ ಬಾಗಿಲಲ್ಲಿ ಸುಳಿದಾಡುವ ಕೆಲಸಗೇಡಿ ಗಂಡಸಿಗೆ ಇನ್ನು ಮುಂದೆ ಕೂಳು ಹಾಕುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತಾಳೆ. ಉಣಬಡಿಸುವ ಕೈಗೆ ನಿಲ್ಲಿಸುವ ಹಕ್ಕೂ ಉಂಟೆಂಬ ಮಾತು ನಮಗೆ ಅರ್ಥವಾಗದ್ದೇನಲ್ಲ.

1956ರಲ್ಲಿ ಎಲ್ವಿಸ್ ಪ್ರೀಸ್ಲಿ ಅದೇ ಹಾಡನ್ನು ಬೇರೆ ಮಾತುಗಳಲ್ಲಿ ಹಾಡಿದ. ಬಾಗಿಲೂ ಹೋಯಿತು, ಊಟವೂ ಹೋಯಿತು. ಮೊಲ ಹಿಡಿಯಲಾರದ ನಾಯಿಯ ತಮಾಷೆ ಉಳಿಯಿತು. ರೆಕಾರ್ಡು ಲಕ್ಷಗಟ್ಟಲೆ ಮಾರಾಟವಾಯಿತು. ತನಗೆ ದಕ್ಕಿದ್ದು 500 ಡಾಲರಿನ ಒಂದೇ ಚೆಕ್ಕು ಎಂದು ಥಾರ್ನ್‌ಟನ್ ಮುಂದೆ ಹೇಳಿಕೊಂಡಳು.

ಎಲ್ವಿಸನೂ ಉಳ್ಳವರ ಮನೆಯವನಲ್ಲ. ಟ್ಯುಪೆಲೋದ ಎರಡು ಕೋಣೆಯ ಮನೆಯಲ್ಲಿ ಹುಟ್ಟಿ, ಮೆಂಫಿಸ್‌ನಲ್ಲಿ ಲಾರಿ ಓಡಿಸಿದವನು. ಕೈಗೆ ಕಾಸು ಬಂದೊಡನೆ ತಾಯಿ ಗ್ಲಾಡಿಸ್‌ಗೆಂದು ಗುಲಾಬಿ ಬಣ್ಣದ ಕ್ಯಾಡಿಲಾಕ್ ಕೊಟ್ಟ. ಮಗನ ಪ್ರೀತಿ ದೊಡ್ಡದೇ. ಆದರೆ ಆ ತಾಯಿಯ ಬಳಿ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ! ಬಡತನ ದಾಟಿದ ಮನೆಯಲ್ಲೂ ಕಾರಿನ ಕೀ ಹೆಣ್ಣಿನ ಕೈಗೆ ತಾನಾಗಿ ಬರುವುದಿಲ್ಲ.

ಥಾರ್ನ್‌ಟನ್ 1984ರಲ್ಲಿ ತೀರಿಕೊಂಡಳು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವಳಿಗೆ ಬಾಗಿಲು ತೆರೆದದ್ದು 2024ರಲ್ಲಿ.