ಐದರಲ್ಲಿ ಮೂರು ಪಾಲಿನ ರಾಜಿ (1787)

ಅಮೆರಿಕದ ಸಂವಿಧಾನ ರಚಿಸಲು ಫಿಲಡೆಲ್ಫಿಯಾದಲ್ಲಿ ಸೇರಿದ ಸಮಾವೇಶವು ಗುಲಾಮರ ಎಣಿಕೆಯ ಬಗ್ಗೆ ಮಾಡಿಕೊಂಡ ಹೊಂದಾಣಿಕೆ. ಕೆಳಮನೆಯ ಸ್ಥಾನಗಳನ್ನೂ ನೇರ ತೆರಿಗೆಯನ್ನೂ ರಾಜ್ಯಗಳಿಗೆ ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಸ್ವತಂತ್ರರ ಸಂಖ್ಯೆಗೆ ಕೂಡಿಸಬೇಕೆಂದು ಸಂವಿಧಾನದ ಮೊದಲನೆಯ ವಿಧಿ ಹೇಳಿತು. ಪ್ರಮಾಣವೇನೂ ಹೊಸದಲ್ಲ, 1783ರಲ್ಲಿ ಒಕ್ಕೂಟದ ಕಾಂಗ್ರೆಸ್ ತೆರಿಗೆಗಾಗಿ ಸೂಚಿಸಿ, ಜಾರಿಗೆ ಬಾರದೆ ಉಳಿದಿದ್ದನ್ನೇ ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್ ಮತ್ತೆ ಮುಂದಿಟ್ಟರು.

ಗುಲಾಮನನ್ನು ಮುಕ್ಕಾದ ಮನುಷ್ಯನೆಂದು ಕಂಡ ನಿಯಮವಿದು ಎಂಬ ಜನಪ್ರಿಯ ವಿವರಣೆ ಅರ್ಧಸತ್ಯ. ಗುಲಾಮರನ್ನು ಪೂರ್ತಿಯಾಗಿ ಎಣಿಸಿ ಎಂದು ಪಟ್ಟು ಹಿಡಿದವರು ದಕ್ಷಿಣದ ಒಡೆಯರೇ. ಎಣಿಸಲೇಬಾರದೆಂದವರು ಉತ್ತರದ ಹಲವು ಪ್ರತಿನಿಧಿಗಳು. ಮತ ಹಾಕಲಾಗದವರ ತಲೆಲೆಕ್ಕದಿಂದ ಅವರ ಒಡೆಯರಿಗೆ ಹೆಚ್ಚು ಸ್ಥಾನ! 1790ರ ಜನಗಣತಿಯಲ್ಲಿ ವರ್ಜೀನಿಯ ಒಂದರಲ್ಲೇ ಸುಮಾರು 2,92,000 ಗುಲಾಮರಿದ್ದರು. ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ಸಂಖ್ಯೆಗೂ ಇದೇ ಲೆಕ್ಕ ಆಧಾರ. ಹಾಗಾಗಿ 1800ರ ಚುನಾವಣೆಯಲ್ಲಿ ಜೆಫರ್ಸನ್ ಅವರು ಆಡಮ್ಸ್ ವಿರುದ್ಧ 73–65ರಿಂದ ಮುಂದಾಗಲು ಈ ಹೆಚ್ಚುವರಿ ಮತಗಳೇ ಕಾರಣವೆಂದು ಹಲವು ಇತಿಹಾಸಕಾರರ ವಾದ. ಗುಲಾಮಗಿರಿ 1865ರಲ್ಲಿ ರದ್ದಾಯಿತು; 1868ರ 14ನೆಯ ತಿದ್ದುಪಡಿ, ತೆರಿಗೆಗೊಳಪಡದ ಮೂಲನಿವಾಸಿಗಳನ್ನು ಬಿಟ್ಟು, ಎಲ್ಲರನ್ನೂ ಇಡಿಯಾಗಿ ಎಣಿಸಿತು.